ಪ್ಯಾರಿಸ್‌ನ ಬೀದಿಗಳನ್ನು ಓದುವ ಬಗೆ: ಓಸ್ಮಾನ್ ಕೊರೆದ ನಗರದಲ್ಲಿ ಒಂದು ದಿನದ ನಡಿಗೆ

ಪ್ಯಾರಿಸ್ ನೋಡಲು ಹೋಗುವವರು ಸಾಮಾನ್ಯವಾಗಿ ಕಟ್ಟಡಗಳ ಪಟ್ಟಿಯೊಂದನ್ನು ಹಿಡಿದು ಹೊರಡುತ್ತಾರೆ. ಆ ಕಟ್ಟಡಗಳ ನಡುವಿನ ಬೀದಿಗಳು ಅವರಿಗೆ ಬರಿಯ ದಾರಿಗಳು. ಆದರೆ 19ನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಮೊದಲು ಕಟ್ಟಿದ್ದು ಬೀದಿಗಳನ್ನೇ; ಮನೆಗಳು ಅವುಗಳ ಅಂಚಿಗೆ ಆಮೇಲೆ ಬಂದು ನಿಂತವು. 1853ರಿಂದ 1870ರವರೆಗೆ ಸೀನ್ ಪ್ರಾಂತ್ಯದ ಪ್ರಿಫೆಕ್ಟ್ ಆಗಿದ್ದು, ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ನೇರ ಅಧೀನದಲ್ಲಿ ರಾಜಧಾನಿಯ ಆಡಳಿತ ನಡೆಸಿದ ಜಾರ್ಜ್ ಯೂಜೀನ್ ಓಸ್ಮಾನ್ ಹಳೆಯ ಊರಿನ ಒಡಲಲ್ಲಿ ಕೊರೆದ ಬೀದಿಗಳನ್ನು ಗುರುತಿಸುವುದು ಹೇಗೆ, ಎಲ್ಲಿ ನಿಂತರೆ ಏನು ಕಾಣುತ್ತದೆ, ಕಂಡದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಇದಕ್ಕೆ ಒಂದು ಇಡೀ ದಿನ, ನಡೆಯಲು ಅನುಕೂಲವಾದ ಪಾದರಕ್ಷೆ ಮತ್ತು ಕಾಗದದ ನಕ್ಷೆಯೊಂದು ಬೇಕು. ಅಲ್ಲಿಗೆ ಹೋಗಲಾಗದವರು ಅಂತರಜಾಲದ ನಕ್ಷೆಯಲ್ಲಿಯೂ ಇದರ ಬಹುಪಾಲನ್ನು ಮಾಡಬಹುದು.

ನಕ್ಷೆಯಿಂದ ಆರಂಭ

ಹೊರಡುವ ಹಿಂದಿನ ರಾತ್ರಿ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಪೆನ್ಸಿಲಿನಿಂದ ಎರಡು ಗೆರೆಗಳನ್ನು ಎಳೆಯಿರಿ. ಮೊದಲನೆಯದು ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ರೀವೊಲಿ ಬೀದಿ. ಎರಡನೆಯದು ಉತ್ತರದ ಗಾರ್ ದ ಲೆಸ್ತ್ ರೈಲು ನಿಲ್ದಾಣದಿಂದ ಹೊರಟು, ಸ್ತ್ರಾಸ್‌ಬೂರ್ ಮತ್ತು ಸೆಬಾಸ್ತೊಪೊಲ್ ಬುಲ್ವಾರುಗಳ (ಮರಗಳ ಸಾಲಿರುವ ಅಗಲವಾದ ಬೀದಿಗಳ) ಮೂಲಕ ಸೀನ್ ನದಿಗೆ ಇಳಿದು, ಸೀತೆ ದ್ವೀಪವನ್ನು ದಾಟಿ, ಎಡದಂಡೆಯ, ಎಂದರೆ ನದಿಯ ದಕ್ಷಿಣ ದಡದ, ಸಾಂ ಮಿಷೆಲ್ ಬುಲ್ವಾರಿನಲ್ಲಿ ಮುಂದುವರಿಯುವ ಗೆರೆ. ಇವೆರಡೂ ಷಾತ್ಲೆ ಚೌಕದ ಬಳಿ ಒಂದನ್ನೊಂದು ಕತ್ತರಿಸುತ್ತವೆ. ಫ್ರೆಂಚರು ಇದನ್ನು ‘ದೊಡ್ಡ ಶಿಲುಬೆ’ ಎಂದೇ ಕರೆದರು. ಇಡೀ ಪುನರ್ರಚನೆಯ ಬೆನ್ನೆಲುಬು ಇದು.

ಈ ಎರಡು ಗೆರೆಗಳು ಏಕೆ ಬೇಕಾದವು ಎಂಬುದನ್ನು ತಿಳಿಯದೆ ನಡೆಯಲು ಹೊರಟರೆ ಪ್ರಯೋಜನವಿಲ್ಲ. 1851ರಲ್ಲಿ ಪ್ಯಾರಿಸ್ಸಿನ ಜನಸಂಖ್ಯೆ 10 ಲಕ್ಷ ದಾಟಿತ್ತು; ಬೀದಿಗಳು ಮಾತ್ರ ಮಧ್ಯಯುಗದವೇ ಆಗಿದ್ದವು. 1832ರ ಕಾಲರಾ 18,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 1849ರಲ್ಲಿ ಅದೇ ಬೇನೆ ಮತ್ತೆ ಬಂತು. ರೈಲುಗಳು ಬಂದು ಊರಿನ ಅಂಚಿನಲ್ಲಿ ನಿಲ್ಲುತ್ತಿದ್ದವು. ಅಲ್ಲಿಂದ ಒಳಗೆ ಸರಕು ಸಾಗಿಸಲು ಸರಿಯಾದ ದಾರಿ ಇರಲಿಲ್ಲ. 1830ರಲ್ಲಿ ಮತ್ತು 1848ರಲ್ಲಿ ಇಕ್ಕಟ್ಟಾದ ಬೀದಿಗಳಿಗೆ ಅಡ್ಡಗಟ್ಟೆ ಹಾಕಿ ಜನ ಸರ್ಕಾರಗಳನ್ನು ಉರುಳಿಸಿದ್ದರು. ಬೀದಿಗಳನ್ನು ಅಗಲ ಮಾಡಿದ್ದೇ ದಂಗೆಗಳನ್ನು ಹತ್ತಿಕ್ಕಲು ಎಂದು ಹಲವರು ಹೇಳುತ್ತಾರೆ. ಆ ಉದ್ದೇಶ ಇದ್ದದ್ದು ನಿಜ, ಓಸ್ಮಾನನೇ ಅದನ್ನು ಮುಚ್ಚಿಡಲಿಲ್ಲ. ಆದರೆ ಅದೊಂದೇ ಕಾರಣವೆಂದು ನಂಬಿ ಹೊರಟವರಿಗೆ ನೀರು, ಮರ, ರೈಲು, ಬಾಡಿಗೆ ಇವು ಯಾವುವೂ ಕಣ್ಣಿಗೆ ಬೀಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಓಸ್ಮಾನ್ ಅಧಿಕಾರ ವಹಿಸಿಕೊಂಡಾಗ ಚಕ್ರವರ್ತಿ ಅವನ ಕೈಗೆ ಒಂದು ನಕ್ಷೆಯನ್ನು ಕೊಟ್ಟನು. ಅದರಲ್ಲಿ ಹೊಸ ಬೀದಿಗಳನ್ನು ತುರ್ತಿಗೆ ತಕ್ಕಂತೆ ನೀಲಿ, ಕೆಂಪು, ಹಳದಿ ಮತ್ತು ಹಸಿರು ಬಣ್ಣಗಳಲ್ಲಿ ಗುರುತಿಸಲಾಗಿತ್ತು. ಆದರೆ ನಗರದ ನಿಖರವಾದ ಅಳತೆಯ ನಕ್ಷೆಯೇ ಆಗ ಇರಲಿಲ್ಲ. ಆದ್ದರಿಂದ ಮನೆಗಳ ಮಾಡಿಗಿಂತ ಎತ್ತರವಾದ ಮರದ ಅಟ್ಟಣೆಗಳನ್ನು ಊರ ತುಂಬ ನಿಲ್ಲಿಸಿ, ಅವುಗಳ ತುದಿಯಿಂದ ತ್ರಿಕೋನ ಮಾಪನ ಮಾಡಿ, ಏರುತಗ್ಗುಗಳ ಸಮೇತ ಪೂರ್ತಿ ನಕ್ಷೆಯನ್ನು ತಯಾರಿಸಲಾಯಿತು. ಪ್ಯಾರಿಸ್ಸಿನ ನೇರ ಬೀದಿಗಳನ್ನು ಕಂಡಾಗ ಆ ಅಟ್ಟಣೆಗಳ ಮೇಲೆ ನಿಂತು ದುರ್ಬೀನಿನಲ್ಲಿ ಇಣುಕಿದವರನ್ನು ನೆನೆಯಬೇಕು.

ನಕ್ಷೆಯಲ್ಲಿ ಇನ್ನೊಂದನ್ನು ಗಮನಿಸಿ. ನಗರದ 20 ವಿಭಾಗಗಳ ಅಂಕೆಗಳು ನಡುವಿನಿಂದ ಆರಂಭವಾಗಿ ಬಸವನಹುಳುವಿನ ಚಿಪ್ಪಿನಂತೆ ಸುತ್ತುತ್ತ ಹೊರಗೆ ಹೋಗುತ್ತವೆ. 1860ರ ಜನವರಿ 1ರಂದು ಸುತ್ತಲಿನ ಹಳ್ಳಿಗಳನ್ನು ಸೇರಿಸಿಕೊಂಡು 12 ವಿಭಾಗಗಳನ್ನು 20 ಮಾಡಿದಾಗ ಬಂದ ಕ್ರಮ ಇದು. ಸಂಜೆ ನಾವು ಹೋಗಲಿರುವ 19 ಮತ್ತು 20ನೆಯ ವಿಭಾಗಗಳು ಆ ಹೊಸ ಸೇರ್ಪಡೆಗಳಲ್ಲಿ ಸೇರಿವೆ.

ಷಾತ್ಲೆಯಲ್ಲಿ ಬೆಳಗ್ಗೆ

ಬೆಳಗ್ಗೆ ಜನಸಂದಣಿ ಹೆಚ್ಚುವ ಮೊದಲೇ ಷಾತ್ಲೆ ಚೌಕದಲ್ಲಿ ನಿಲ್ಲಿರಿ. ನಡುವೆ ಇರುವ ಕಂಬದ ಕಾರಂಜಿ ಮೊದಲನೆಯ ನೆಪೋಲಿಯನ್ನನ ಕಾಲದ್ದು. ಚೌಕವನ್ನು ಹೊಸದಾಗಿ ರೂಪಿಸಿದಾಗ ಅದು ನಡುಗೆರೆಗೆ ಸರಿಹೊಂದಲಿಲ್ಲ. ಆದ್ದರಿಂದ 1858ರಲ್ಲಿ ಇಡೀ ಕಂಬವನ್ನು ಸುಮಾರು 12 ಮೀಟರ್ ಪಕ್ಕಕ್ಕೆ ಸರಿಸಿ, ಸಿಂಹಿಣಿಯ ಮೈಯ ಸ್ಫಿಂಕ್ಸ್‌ಗಳಿರುವ ಹೊಸ ಪೀಠದ ಮೇಲೆ ಎತ್ತಿ ಕೂರಿಸಲಾಯಿತು. ಎರಡೂ ಬದಿಯ ರಂಗಮಂದಿರಗಳು ಗಾಬ್ರಿಯೆಲ್ ದಾವಿಯೂ ಎಂಬ ವಾಸ್ತುಶಿಲ್ಪಿ ಅದೇ ಹೊತ್ತಿನಲ್ಲಿ ಕಟ್ಟಿದವು.

ಈಗ ಉತ್ತರಕ್ಕೆ, ಸೆಬಾಸ್ತೊಪೊಲ್ ಬುಲ್ವಾರಿನ ಕಡೆಗೆ ತುಸು ನಡೆದು, ಹಿಂದಿರುಗಿ ದಕ್ಷಿಣಕ್ಕೆ ನೋಡಿ. ನದಿಯಾಚೆ ಬೀದಿಯ ತುದಿಯಲ್ಲಿ ಒಂದು ಗುಮ್ಮಟ ಕಾಣುತ್ತದೆ. ಅದು ಸೀತೆ ದ್ವೀಪದ ಮೇಲಿನ ವಾಣಿಜ್ಯ ನ್ಯಾಯಾಲಯದ ಗುಮ್ಮಟ. ದೂರದಿಂದ ಎಲ್ಲವೂ ಸಮವಾಗಿದೆ ಎನ್ನಿಸುತ್ತದೆ. ಸೇತುವೆ ದಾಟಿ ಹತ್ತಿರ ಹೋದಾಗ ಮಾತ್ರ ಆ ಗುಮ್ಮಟ ತನ್ನ ಕಟ್ಟಡದ ನಡುವೆ ಇಲ್ಲ, ಒಂದು ಬದಿಗೆ ಸರಿದಿದೆ ಎಂಬುದು ತಿಳಿಯುತ್ತದೆ. ಬುಲ್ವಾರಿನ ನೋಟಕ್ಕೆ ಕೊನೆಯೊಂದು ಬೇಕೆಂದು ಓಸ್ಮಾನ್ ಕಟ್ಟಡದ ಸಮತೋಲವನ್ನೇ ಬಿಟ್ಟುಕೊಡಿಸಿದನು. ಅವನ ಮನಸ್ಸು ಹೇಗೆ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಕಂಡಿಲ್ಲ: ಬೀದಿಯೇ ಯಜಮಾನ, ಕಟ್ಟಡ ಅದರ ಸೇವಕ.

ಚೌಕದ ಪಕ್ಕದಲ್ಲಿಯೇ ಸಾಂ ಜಾಕ್ ಗೋಪುರವಿದೆ. 16ನೆಯ ಶತಮಾನದ ಈ ಗೋಪುರದ ಚರ್ಚು ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಉರುಳಿತು. ಗೋಪುರ ಒಂಟಿಯಾಗಿ ಉಳಿಯಿತು. ಅದರ ಬುಡವನ್ನು ನೋಡಿ. ಎಲ್ಲ ಗೋಪುರಗಳಂತೆ ನೆಲದಿಂದ ಎದ್ದಿಲ್ಲ, ಮೆಟ್ಟಿಲುಗಳಿರುವ ಕಟ್ಟೆಯೊಂದರ ಮೇಲೆ ನಿಂತಿದೆ. ಗೋಪುರವಿದ್ದ ಜಾಗ ದಿಬ್ಬವಾಗಿತ್ತು. ರೀವೊಲಿ ಬೀದಿಯನ್ನು ಮಟ್ಟಸವಾಗಿ ಒಯ್ಯಲು ಆ ದಿಬ್ಬವನ್ನು ಅಗೆದು ತೆಗೆದಾಗ, ಗೋಪುರದ ಅಡಿಗೆ ಹೊಸ ಆಧಾರ ಕೊಡಬೇಕಾಯಿತು. ಆ ಕಟ್ಟೆಯಷ್ಟು ಎತ್ತರದ ಮಣ್ಣು ಸುತ್ತಲಿನಿಂದ ಹೋಗಿದೆ ಎಂದು ತಿಳಿಯಿರಿ.

ಕೊರೆದ ಬೀದಿಯನ್ನು ಗುರುತಿಸುವುದು

ಸೆಬಾಸ್ತೊಪೊಲ್ ಬುಲ್ವಾರ್ 1858ರಲ್ಲಿ ಉದ್ಘಾಟನೆಗೊಂಡಿತು; ಅಗಲ 30 ಮೀಟರ್. ಇದರ ಎರಡೂ ಬದಿಗೆ ಸಮಾನಾಂತರವಾಗಿ ಎರಡು ಹಳೆಯ ಬೀದಿಗಳಿವೆ: ಪಶ್ಚಿಮಕ್ಕೆ ಸಾಂ ದೆನಿ, ಪೂರ್ವಕ್ಕೆ ಸಾಂ ಮಾರ್ತಾಂ. ಇರುವ ಬೀದಿಯನ್ನೇ ಅಗಲ ಮಾಡುವುದನ್ನು ಬಿಟ್ಟು ಇವೆರಡರ ನಡುವೆ ಮನೆಗಳ ಹಿತ್ತಿಲನ್ನು ಸೀಳಿಕೊಂಡು ಮೂರನೆಯದನ್ನು ಏಕೆ ತೆಗೆದರು? ಹಳೆಯ ಬೀದಿಗೆ ಮುಖ ಮಾಡಿದ ಅಂಗಡಿಗಳಿಗೆ ಪರಿಹಾರ ಹೆಚ್ಚು ಕೊಡಬೇಕು. ಹಿತ್ತಿಲ ಗುಡಿಸಲು, ಉಗ್ರಾಣ, ಅಂಗಳಗಳಿಗೆ ಕಡಿಮೆ ಸಾಕು. ವ್ಯಾಪಾರ ನಡೆಯುತ್ತಿದ್ದ ಬೀದಿ ಕೆಡುವುದಿಲ್ಲ, ಹೊಸ ಬೀದಿಗೆ ಎರಡೂ ಬದಿ ಹೊಸ ಮುಖ ಸಿಗುತ್ತದೆ.

ಇದನ್ನು ಕಣ್ಣಾರೆ ಕಾಣಲು ಬುಲ್ವಾರಿನಲ್ಲಿ ಸ್ವಲ್ಪ ದೂರ ನಡೆದು, ಲೊಂಬಾರ್ ಬೀದಿ ಅಡ್ಡ ಬರುವಲ್ಲಿ ಪೂರ್ವಕ್ಕೆ ತಿರುಗಿ, ಕಾಂಕಾಂಪ್ವಾ ಬೀದಿಯನ್ನು ಹೊಕ್ಕು ಉತ್ತರಕ್ಕೆ ನಡೆಯಿರಿ. ನೂರು ಹೆಜ್ಜೆಯೊಳಗೆ ವಾಹನಗಳ ಸದ್ದು ಅಡಗುತ್ತದೆ. ಗೋಡೆಗಳು ಹತ್ತಿರ ಬರುತ್ತವೆ, ಆಕಾಶ ಒಂದು ಪಟ್ಟಿಯಾಗುತ್ತದೆ, ಮನೆಗಳ ಎತ್ತರ ಒಂದರಂತೆ ಇನ್ನೊಂದಿಲ್ಲ. ಬುಲ್ವಾರಿಗೂ ಈ ಬೀದಿಗೂ ನಡುವೆ ಇರುವುದು ಕೆಲವೇ ಹೆಜ್ಜೆಗಳ ದೂರ. ಹೀಗೆ ಎರಡು ಮೂರು ಬಾರಿ ಒಳಗೂ ಹೊರಗೂ ಹೋಗಿ ಬನ್ನಿ. ಹಳೆಯ ಅಡ್ಡಬೀದಿಯೊಂದು ಬುಲ್ವಾರಿನ ಒಂದು ಬದಿಯಲ್ಲಿ ತಟ್ಟನೆ ನಿಂತು ಎದುರು ಬದಿಯಲ್ಲಿ ಅದೇ ಹೆಸರಿನಿಂದ ಮತ್ತೆ ಆರಂಭವಾದರೆ, ಅದು ಕೊರೆತದ ಗುರುತು. ಓರೆಯಾಗಿ ಬಂದು ಸೇರುವ ಬೀದಿಯ ಮೂಲೆಯಲ್ಲಿ ಬೆಣೆಯಂತೆ ತೆಳುವಾದ ಕಟ್ಟಡವಿದ್ದರೆ, ಅದು ಕೊರೆದ ಮೇಲೆ ಉಳಿದ ತುಂಡು ಜಾಗದಲ್ಲಿ ಎದ್ದದ್ದು.

ಎತ್ತರದ ವ್ಯತ್ಯಾಸವೂ ಅಂಥದೇ ಗುರುತು. ಎಡದಂಡೆಯ ಮೋಂಜ್ ಬೀದಿಯಲ್ಲಿ ನಡೆಯುವಾಗ ರೋಲಾಂ ಎಂಬ ಪುಟ್ಟ ಬೀದಿ ಮೇಲಿನಿಂದ ಬಂದು ನಿಮ್ಮ ತಲೆಯ ಮಟ್ಟಕ್ಕಿಂತ ಎತ್ತರದಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಮೆಟ್ಟಿಲಿಳಿದು ಕೆಳಗೆ ಬರಬೇಕು. ದಿಣ್ಣೆಯನ್ನು ಕತ್ತರಿಸಿ ಮೋಂಜ್ ಬೀದಿಯನ್ನು ತಗ್ಗಿನಲ್ಲಿ ಒಯ್ದಾಗ ಹಳೆಯ ಬೀದಿ ಹಾಗೆ ಮೇಲೆಯೇ ಉಳಿಯಿತು. ಮಧ್ಯಾಹ್ನ ಸಮಯವಿದ್ದರೆ ಆ ಮೆಟ್ಟಿಲುಗಳ ಮೇಲೆ ಐದು ನಿಮಿಷ ಕುಳಿತು ಬನ್ನಿ.

ಕಟ್ಟಡವನ್ನು ಬುಡದಿಂದ ಮಾಡಿನವರೆಗೆ

ಬುಲ್ವಾರಿನ ಎದುರು ಬದಿಗೆ ಹೋಗಿ ಒಂದೇ ಒಂದು ಕಟ್ಟಡವನ್ನು ಆರಿಸಿಕೊಳ್ಳಿ. ನೆಲದಲ್ಲಿ ಅಂಗಡಿ, ಅದರ ಮೇಲೆ ಸರಕಿಗೋ ಅಂಗಡಿಯವನ ವಾಸಕ್ಕೋ ಇದ್ದ ತಗ್ಗು ಮಾಡಿನ ಅಂತಸ್ತು. ಫ್ರೆಂಚರು ನಮ್ಮಂತೆಯೇ ನೆಲವನ್ನು ಬಿಟ್ಟು ಮಹಡಿಗಳನ್ನು ಎಣಿಸುತ್ತಾರೆ, ಹಾಗಾಗಿ ಎರಡನೆಯ ಮಹಡಿಯನ್ನು ಹುಡುಕುವುದು ಸುಲಭ: ಕಟ್ಟಡದ ಉದ್ದಕ್ಕೂ ಕಬ್ಬಿಣದ ಕಟಕಟೆಯ ಬಾಲ್ಕನಿ, ಎತ್ತರದ ಕಿಟಕಿಗಳು, ಅವುಗಳ ಸುತ್ತ ಕೆತ್ತನೆ. ಲಿಫ್ಟ್ ಇಲ್ಲದ ಆ ಕಾಲದಲ್ಲಿ ಹೆಚ್ಚು ಮೆಟ್ಟಿಲು ಹತ್ತದೆ, ಬೀದಿಯ ಧೂಳಿಗೂ ಸಿಗದೆ ಇರಬಹುದಾದ ಮಹಡಿ ಅದು, ಹಣವಂತರು ಅಲ್ಲಿದ್ದರು. ಮೇಲೆ ಹೋದಂತೆ ಕೆತ್ತನೆ ಕಡಿಮೆಯಾಗುತ್ತದೆ. ಐದನೆಯ ಮಹಡಿಯಲ್ಲಿ ಮತ್ತೊಂದು ಉದ್ದನೆಯ ಬಾಲ್ಕನಿ ಬರುತ್ತದೆ, ಅದು ಮುಖ್ಯವಾಗಿ ನೋಟದ ಸಮತೋಲಕ್ಕೆ. ಅದರ ಮೇಲೆ ಇಳಿಜಾರಾದ ಸತುವಿನ ತಗಡಿನ ಮಾಡು, ಮಾಡಿನಲ್ಲಿ ಸಣ್ಣ ಸಣ್ಣ ಕಿಟಕಿಗಳು. ಮನೆಗೆಲಸದ ಹೆಂಗಸರು ಬೇಸಗೆಯಲ್ಲಿ ಬೇಯುತ್ತ, ಚಳಿಗಾಲದಲ್ಲಿ ನಡುಗುತ್ತ ಮಲಗುತ್ತಿದ್ದ ಕೋಣೆಗಳು ಅವು. ಹಿಂಬದಿಯ ಮೆಟ್ಟಿಲು ಬೇರೆಯೇ ಇರುತ್ತಿತ್ತು.

1859ರ ನಿಯಮದ ಪ್ರಕಾರ 20 ಮೀಟರ್ ಅಥವಾ ಹೆಚ್ಚು ಅಗಲದ ಬೀದಿಯಲ್ಲಿ ಕಟ್ಟಡದ ಮುಂಗೋಡೆ 20 ಮೀಟರ್ ಎತ್ತರವನ್ನು ಮೀರುವಂತಿರಲಿಲ್ಲ. ಜೊತೆಗೆ ನಗರಸಭೆ ನಿವೇಶನ ಮಾರುವಾಗಲೇ, ಪಕ್ಕದ ಮನೆಯ ಬಾಲ್ಕನಿ ಮತ್ತು ಸೂರಿನ ಸಾಲಿಗೆ ನಿಮ್ಮದೂ ಸರಿಹೊಂದಬೇಕು ಎಂದು ಕ್ರಯಪತ್ರದಲ್ಲಿ ಬರೆಸುತ್ತಿತ್ತು. ಕಟ್ಟಿದವರು ಬೇರೆ ಬೇರೆ ಖಾಸಗಿ ಮಾಲೀಕರು; ಆದರೂ ಇಡೀ ಬೀದಿ ಒಂದೇ ಕೈಯ ಕೆಲಸದಂತೆ ಕಾಣುವುದು ಇದರಿಂದ. ಬಾಗಿಲ ಬಳಿ ಆಳೆತ್ತರದಲ್ಲಿ ಕಲ್ಲನ್ನು ಗಮನಿಸಿ. ಅನೇಕ ಕಡೆ ವಾಸ್ತುಶಿಲ್ಪಿಯ ಹೆಸರು ಮತ್ತು ಇಸವಿ ಕೆತ್ತಿರುತ್ತದೆ. ಓಸ್ಮಾನ್ ಕಾಲದ್ದೆಂದು ನೀವು ಭಾವಿಸಿದ ಎಷ್ಟೋ ಮನೆಗಳ ಮೇಲೆ 1880 ಅಥವಾ 1890ರ ದಶಕದ ಇಸವಿ ಇರುತ್ತದೆ. ಅವನು ಅಧಿಕಾರ ಬಿಟ್ಟ ಮೇಲೂ ಅವನ ಪದ್ಧತಿ ನಡೆಯುತ್ತ ಹೋಯಿತು. ಅವನ ಹೆಸರಿನ ಬುಲ್ವಾರ್ ಪೂರ್ತಿಯಾದದ್ದೇ 1927ರಲ್ಲಿ. ಆ ಬುಲ್ವಾರಿಗಾಗಿ ಅವನು ಹುಟ್ಟಿದ ಮನೆಯೂ ನೆಲಸಮವಾಯಿತು.

ಈಗ ಕಣ್ಣನ್ನು ಕಾಲ ಬಳಿಗೆ ತನ್ನಿ. ಬೀದಿಯ ಮರಗಳ ಬುಡದಲ್ಲಿ ಎರಕದ ಕಬ್ಬಿಣದ ಜಾಲರಿ, ಎರಡೂ ಬದಿಗೆ ಕೂರಬಹುದಾದ ಹಸಿರು ಬೆಂಚು, ಬೆಂಚಿನ ಬದಿಯ ಚೌಕಟ್ಟಿನಲ್ಲಿ ನಗರದ ಲಾಂಛನವಾದ ಹಡಗಿನ ಚಿತ್ರ. ಇವು ಎಂಜಿನಿಯರ್ ಅಡಾಲ್ಫ್ ಆಲ್ಫಾಂ ಮತ್ತು ದಾವಿಯೂ ಇಬ್ಬರ ತಂಡ ರೂಪಿಸಿದ ಮಾದರಿಗಳು. ಬೆಳಗಿನ ಹೊತ್ತು ಫುಟ್‌ಪಾತಿನ ಅಂಚಿನಲ್ಲಿ ನೀರು ಹರಿಯುತ್ತಿರುವುದನ್ನು ಕಾಣಬಹುದು. ಹಸಿರು ಬಟ್ಟೆಯ ಪೌರಕಾರ್ಮಿಕರು ಅಂಚುಗಲ್ಲಿನ ನಲ್ಲಿಯನ್ನು ತಿರುಗಿಸಿ, ಸುತ್ತಿ ಕಟ್ಟಿದ ಹಳೆಯ ಜಮಖಾನದ ತುಂಡನ್ನು ಅಡ್ಡ ಇಟ್ಟು, ನೀರನ್ನು ಬೇಕಾದ ಕಡೆಗೆ ಹರಿಸಿ, ಪೊರಕೆಯಿಂದ ಕಸವನ್ನು ಅದರೊಡನೆ ದೂಡುತ್ತಾರೆ. ಅದು ಕುಡಿಯುವ ನೀರಲ್ಲ. ಬೀದಿ ತೊಳೆಯಲು ಬೇರೆ ಕೊಳವೆ, ಮನೆಗೆ ಬೇರೆ ಕೊಳವೆ ಎಂಬ ವ್ಯವಸ್ಥೆಯನ್ನು ಎಂಜಿನಿಯರ್ ಯೂಜೀನ್ ಬೆಲ್‌ಗ್ರಾಂ ಆಗ ನೆಲೆಗೊಳಿಸಿದನು. ಅದು ಇಂದಿಗೂ ನಡೆಯುತ್ತಿದೆ.

ದ್ವೀಪ, ಮತ್ತು ನೆಲದ ಕೆಳಗೆ

ಸೀತೆ ದ್ವೀಪದಲ್ಲಿ ನೋತ್ರ್ ದಾಮ್ ಎದುರಿನ ಬಯಲಿನಲ್ಲಿ ನಿಂತಾಗ, ಈ ಬಯಲೇ ಇರಲಿಲ್ಲವೆಂದು ಊಹಿಸಿಕೊಳ್ಳಿ. ಮನೆಗಳ ನಡುವಿನ ಬೀದಿಯಿಂದ ಬಂದು, ತೀರ ಹತ್ತಿರದಲ್ಲಿ, ಕತ್ತು ಮೇಲೆತ್ತಿ ನೋಡುವ ಚರ್ಚು ಅದು. ದ್ವೀಪದಲ್ಲಿದ್ದ ಸುಮಾರು 15,000 ಜನರ ಪೈಕಿ ಉಳಿದವರು 5,000. ಮನೆಗಳಿದ್ದ ಕಡೆ ನ್ಯಾಯಾಲಯ, ಪೊಲೀಸರ ಬ್ಯಾರಕ್ಕು ಮತ್ತು ಆಸ್ಪತ್ರೆ ಬಂದವು. ಇಡೀ ಕೆಲಸದಲ್ಲಿ ಅತಿ ಕ್ರೂರವಾದ ಭಾಗ ಇದೇ ಎಂದು ನನಗೆ ಅನ್ನಿಸುತ್ತದೆ. ಚರ್ಚಿನ ಉತ್ತರಕ್ಕಿರುವ ಷಾನ್ವಾನೆಸ್ ಮತ್ತು ಉರ್ಸಾಂ ಬೀದಿಗಳಲ್ಲಿ ಒಮ್ಮೆ ನಡೆದರೆ ಹೋದದ್ದು ಎಂಥದ್ದೆಂಬುದು ಸ್ವಲ್ಪ ತಿಳಿಯುತ್ತದೆ. ಕೆಡವುವ ಮುನ್ನಿನ ಬೀದಿಗಳನ್ನು ಷಾರ್ಲ್ ಮಾರ್ವಿಲ್ ಎಂಬ ಛಾಯಾಗ್ರಾಹಕ ನಗರಸಭೆಯ ಪರವಾಗಿ ಚಿತ್ರಿಸಿದ್ದಾನೆ; ಒದ್ದೆ ಕಲ್ಲುಹಾಸಿನ ನಡುವೆ ಮೋರಿ ಹರಿಯುವ ಆ ಚಿತ್ರಗಳನ್ನು ಫೋನಿನಲ್ಲಿ ಮೊದಲೇ ಉಳಿಸಿಕೊಂಡು ಬಂದರೆ ಅಲ್ಲಿಯೇ ನಿಂತು ಹೋಲಿಸಬಹುದು.

ಎಡದಂಡೆಯಲ್ಲಿ ಸಾಂ ಜೆರ್ಮಾಂ ಚರ್ಚಿನವರೆಗೆ ನಡೆದು ರೆನ್ ಬೀದಿಯ ಆರಂಭದಲ್ಲಿ ಮನೆಯ ಸಂಖ್ಯೆಯನ್ನು ನೋಡಿ. ಒಂದರಿಂದ ಆರಂಭವಾಗಬೇಕಾದದ್ದು ಒಂದು ಬದಿಯಲ್ಲಿ 41ರಿಂದ, ಇನ್ನೊಂದು ಬದಿಯಲ್ಲಿ 44ರಿಂದ ಆರಂಭವಾಗುತ್ತದೆ. ನದಿಯಿಂದ ದೂರಕ್ಕೆ ಸಾಗುವ ಬೀದಿಗಳಲ್ಲಿ ಸಂಖ್ಯೆ ನದಿಯ ಕಡೆಯಿಂದ ಶುರುವಾಗುವುದು ಅಲ್ಲಿನ ಪದ್ಧತಿ. ಈ ಬೀದಿ ಸೀನ್ ನದಿಯವರೆಗೆ ಮುಟ್ಟುತ್ತದೆ ಎಂದು ಲೆಕ್ಕ ಹಾಕಿ ಸಂಖ್ಯೆಗಳನ್ನು ಕಾದಿರಿಸಿದ್ದರು. ಆ ತುಂಡನ್ನು ಎಂದೂ ಕೊರೆಯಲಿಲ್ಲ.

ಅಲ್ಲಿಂದ ಮೆಟ್ರೊ ಹಿಡಿದು ಆಲ್ಮಾ ಸೇತುವೆಯ ಬಳಿಯ ಒಳಚರಂಡಿ ಸಂಗ್ರಹಾಲಯಕ್ಕೆ ಹೋಗಿ. ತೆರೆದಿರುವ ದಿನವನ್ನು ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. ಕೆಳಗಿಳಿದಾಗ ವಾಸನೆ ಇದ್ದೇ ಇರುತ್ತದೆ, ಅದಕ್ಕೆ ಹಿಂಜರಿಯಬೇಡಿ. ಸುರಂಗದ ಗೋಡೆಗಳ ಮೇಲೆ ಬೀದಿಯ ಹೆಸರಿನ ಫಲಕಗಳಿವೆ: ಮೇಲಿನ ಬೀದಿ ಯಾವುದೋ ಕೆಳಗಿನ ಕಾಲುವೆಗೂ ಅದೇ ಹೆಸರು. ಮೇಲೊಂದು ನಗರ, ಕೆಳಗೆ ಅದರದೇ ನೆರಳು. ಬೆಲ್‌ಗ್ರಾಂ ದ್ಯುಯಿಸ್ ಎಂಬ ತೊರೆಯ ನೀರನ್ನು 131 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ತಂದು 1865ರಲ್ಲಿ ನಗರಕ್ಕೆ ಸೇರಿಸಿದನು. ಆದರೆ ಒಂದು ತಪ್ಪು ಕಲ್ಪನೆಯನ್ನು ಇಲ್ಲಿ ಬಿಡಬೇಕು. ಓಸ್ಮಾನನ ಒಳಚರಂಡಿ ಮಳೆನೀರಿಗೆ ಮತ್ತು ಬಳಸಿದ ನೀರಿಗೆ ಇದ್ದದ್ದು. ಶೌಚದ ಮಲವನ್ನು ಅದಕ್ಕೆ ಬಿಡುವುದನ್ನು ಅವನು ಒಪ್ಪಿರಲಿಲ್ಲ. ಎಲ್ಲ ಮನೆಗಳೂ ಶೌಚವನ್ನು ಒಳಚರಂಡಿಗೆ ಜೋಡಿಸಬೇಕೆಂಬ ಕಾನೂನು ಬಂದದ್ದು 1894ರಲ್ಲಿ.

ಒಪೆರಾ ಬೀದಿಯನ್ನೂ, 12 ಬೀದಿಗಳು ಬಂದು ಸೇರುವ ಎತ್ವಾಲ್ ವೃತ್ತವನ್ನೂ ಎಲ್ಲ ಪ್ರವಾಸಿಗರು ನೋಡುತ್ತಾರೆ. ಸಮಯ ಕಡಿಮೆಯಿದ್ದರೆ ಬಿಡಬಹುದು. ಒಪೆರಾ ಬೀದಿಯಲ್ಲಿ ಮರಗಳಿಲ್ಲ ಎಂಬುದನ್ನು ಮಾತ್ರ ಗಮನಿಸಿ. ರಂಗಮಂದಿರದ ನೋಟಕ್ಕೆ ಅಡ್ಡಿಯಾಗದಿರಲೆಂದು ಅದರ ವಾಸ್ತುಶಿಲ್ಪಿ ಷಾರ್ಲ್ ಗಾರ್ನಿಯೆ ಮರಗಳು ಬೇಡವೆಂದನು.

ಸಂಜೆ ಪೂರ್ವದ ದಿಣ್ಣೆಯಲ್ಲಿ

ಸಂಜೆಗೆ 19ನೆಯ ವಿಭಾಗದ ಬೂತ್ ಷೋಮೊಂ ಉದ್ಯಾನವನ್ನು ಇಟ್ಟುಕೊಳ್ಳಿ. ಜಿಪ್ಸಮ್ ತೆಗೆದು ಬರಿದಾಗಿದ್ದ, ಊರಿನ ಹೊಲಸು ಸುರಿಯುತ್ತಿದ್ದ ಕಲ್ಲುಗಣಿಯ ಜಾಗವಿದು. ಆಲ್ಫಾಂ ಇದನ್ನು 25 ಹೆಕ್ಟೇರಿನ ಉದ್ಯಾನವಾಗಿ ಮಾಡಿಸಿ, 1867ರ ವಿಶ್ವ ವಸ್ತುಪ್ರದರ್ಶನದ ಹೊತ್ತಿಗೆ ತೆರೆಸಿದನು. ಕಾಲುದಾರಿಯ ಕಟಕಟೆಯನ್ನು ಕೈಯಿಂದ ಮುಟ್ಟಿ ನೋಡಿ. ತೊಗಟೆ, ಗಂಟು, ಕಡಿದ ಕೊಂಬೆಯ ಗುರುತು ಎಲ್ಲ ಇರುವ ಮರದ ದಿಮ್ಮಿಯಂತೆ ಕಂಡದ್ದು ಮುಟ್ಟಿದಾಗ ತಣ್ಣಗಿನ ಸಿಮೆಂಟು. ಗುಹೆಯ ಜಲಪಾತವೂ ಮನುಷ್ಯರು ಕಟ್ಟಿದ್ದೇ.

ಇಲ್ಲಿ ಕುಳಿತು ಹಣದ ಮಾತನ್ನು ಯೋಚಿಸಬಹುದು. 1852ರ ಆಜ್ಞೆಯಿಂದ ಬೀದಿಗೆ ಬೇಕಾದಷ್ಟೇ ಅಲ್ಲದೆ ಇಡೀ ನಿವೇಶನವನ್ನೇ ಸ್ವಾಧೀನ ಮಾಡಿಕೊಳ್ಳುವ ಅಧಿಕಾರ ಸಿಕ್ಕಿತು. ಉಳಿದ ಜಾಗವನ್ನು ಹೊಸ ಬೀದಿಯ ಬೆಲೆಗೆ ಮಾರಿ ವೆಚ್ಚವನ್ನು ತುಂಬಿಕೊಳ್ಳುವುದು ಯೋಜನೆ. 1858ರ ಕೊನೆಗೆ, ಬೀದಿಗೆ ಬೇಡವಾದ ಭೂಮಿಯನ್ನು ಹಳೆಯ ಮಾಲೀಕರಿಗೇ ಮರಳಿಸಬೇಕೆಂಬ ತೀರ್ಪು ಬಂತು; ಬೆಲೆ ಏರಿದ ಲಾಭ ಅವರ ಪಾಲಾಯಿತು. ಆಮೇಲೆ ಗುತ್ತಿಗೆದಾರರೇ ಹಣ ಹಾಕಿ ಬೀದಿ ಮುಗಿಸುವುದು, ನಗರಸಭೆ ವರ್ಷಗಳ ಮೇಲೆ ತೀರಿಸುವುದು ಎಂಬ ಏರ್ಪಾಡು ಬೆಳೆದು, ಶಾಸನಸಭೆಯ ಒಪ್ಪಿಗೆಯಿಲ್ಲದ ಸಾಲವಾಗಿ ರಾಶಿ ಬಿತ್ತು. 1868ರಲ್ಲಿ ಸರ್ಕಾರದ ವಿರೋಧಿಯಾಗಿದ್ದ ಪತ್ರಕರ್ತ ಜೂಲ್ ಫೆರಿ ಈ ಲೆಕ್ಕಗಳನ್ನು ಬಯಲಿಗೆಳೆದು ಬರೆದನು. 1870ರ ಜನವರಿಯಲ್ಲಿ ಓಸ್ಮಾನನನ್ನು ಅಧಿಕಾರದಿಂದ ತೆಗೆಯಲಾಯಿತು. ಒಟ್ಟು ವೆಚ್ಚ ಸುಮಾರು 250 ಕೋಟಿ ಫ್ರಾಂಕ್. ಕೆಡವಿದ ಮನೆಗಳು ಸುಮಾರು 20,000. ಪರಿಹಾರ ಸಿಕ್ಕಿದ್ದು ಮಾಲೀಕರಿಗೆ. ಬಾಡಿಗೆಗೆ ಇದ್ದ ಕೂಲಿಕಾರರಿಗೆ, ಕುಶಲಕರ್ಮಿಗಳಿಗೆ ಹೊಸ ಬೀದಿಯ ಮನೆಯ ಬಾಡಿಗೆ ಕೊಡುವ ಶಕ್ತಿ ಇರಲಿಲ್ಲ. ಅವರಲ್ಲಿ ಅನೇಕರು ಬಂದು ನೆಲೆಸಿದ್ದು ಈ ಪೂರ್ವದ ದಿಣ್ಣೆಗಳಲ್ಲಿ.

ಕತ್ತಲಾಗುವ ಮುನ್ನ ಉದ್ಯಾನದ ದಕ್ಷಿಣದ ಬಾಗಿಲಿನಿಂದ ಹೊರಟು ಬೆಲ್‌ವಿಲ್ ಬೀದಿಗೆ ಬನ್ನಿ. ಕೆತ್ತಿದ ಕಲ್ಲಿನ ಬದಲು ಗಾರೆ ಬಳಿದ ಗೋಡೆಗಳು, ಒಂದೊಂದಕ್ಕೂ ಬೇರೆ ಎತ್ತರದ ಮಾಡು, ಅಲ್ಲಲ್ಲಿ ಇಕ್ಕಟ್ಟಾದ ಅಂಗಳಕ್ಕೆ ತೆರೆಯುವ ಓಣಿಗಳು ಕಾಣಸಿಗುತ್ತವೆ. ಪಿರೆನೆ ನಿಲ್ದಾಣದ ಬಳಿ ಬೀದಿ ಪಶ್ಚಿಮಕ್ಕೆ ಇಳಿಯುತ್ತದೆ, ಕೆಳಗೆ ದೂರದಲ್ಲಿ ನಗರದ ನಡುಭಾಗ. ಅಲ್ಲಿ ಮೆಟ್ರೊದ 11ನೆಯ ಮಾರ್ಗವನ್ನು ಹಿಡಿದರೆ, ಬೆಳಗ್ಗೆ ಹೊರಟ ಷಾತ್ಲೆಗೆ ನೇರವಾಗಿ ಹಿಂದಿರುಗಬಹುದು.